ಮಡಿವಾಳನ ಕಲ್ಲು, ಸರ್ವೀಸ್ ಸೆಂಟರಿನ ಜಾಬ್ ಕಾರ್ಡು

ಹೊಸ ಬೈಕನ್ನು ಮೊದಲ ಸರ್ವೀಸಿಗೆ ಬಿಟ್ಟು, ಕೀ ಕೊಟ್ಟು, ಆಟೋ ಹಿಡಿದು ಆಫೀಸಿಗೆ ಹೋಗ್ತೀವಲ್ಲ, ಆ ಏಳೆಂಟು ಗಂಟೆ ಆ ಬೈಕು ಯಾರದ್ದು? ಆರ್‌ಸಿ ನಮ್ಮ ಹೆಸರಲ್ಲಿದೆ, ಇಎಂಐ ನಮ್ಮ ಖಾತೆಯಿಂದ ಹೋಗ್ತಿದೆ, ಹಾಗಾಗಿ ನಮ್ಮದೇ. ಆದರೆ ಅದನ್ನು ಯಾರು ಎತ್ತಿದರು, ಯಾರು ಇಳಿಸಿದರು, ಯಾವ ಸ್ಪ್ಯಾನರ್ ಎಲ್ಲಿ ತಗುಲಿತು, ನಮಗೆ ಗೊತ್ತಿಲ್ಲ. ಒಡೆತನ ಒಬ್ಬರದು, ಸುಪರ್ದಿ ಇನ್ನೊಬ್ಬರದು. ಈ ನಡುವಿನ ಹೊತ್ತಲ್ಲಿ ಏನಾದರೂ ಹಾಳಾದರೆ ಯಾರು ಕಟ್ಟಿಕೊಡಬೇಕು ಅನ್ನೋ ಪ್ರಶ್ನೆ ಬೈಕಿಗಿಂತ, ಎಂಜಿನ್ನಿಗಿಂತ, ಅಷ್ಟೇಕೆ ಹಲವು ರಾಜವಂಶಗಳಿಗಿಂತ ಹಳೆಯದು. ನಾನು ಅದರ ಬೆನ್ನು ಹತ್ತಿದ್ದು ಓದಿನ ಚಪಲಕ್ಕಲ್ಲ. ನನ್ನ ಗಾಡಿ ಹಾಳಾಗಿತ್ತು.

ವಿಷಯ ಇಷ್ಟೇ. ಬೈಕು ತಗೊಂಡು ಐದು ವಾರ ಆಗಿತ್ತು. ಬೆಂಗಳೂರಿನ ಒಂದು ಡೀಲರ್ ಬಳಿ ಮೊದಲ ಸರ್ವೀಸಿಗೆ ಬಿಟ್ಟೆ. ಬಿಡುವಾಗ ಓಡೋಮೀಟರು 742 ತೋರಿಸ್ತಿತ್ತು. ಜಾಬ್ ಕಾರ್ಡಿನಲ್ಲೂ ಅದೇ ಬರೆದರು. ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡೆ. ಸಂಜೆ ವಾಪಸ್ ಸಿಕ್ಕಾಗ ಟ್ಯಾಂಕಿನ ಎಡಗಡೆ ಬೆರಳುದ್ದದ ಗೀರು, ಬಣ್ಣ ಕಿತ್ತು ಲೋಹ ಕಾಣೋ ಅಷ್ಟು ಆಳ. ಅದರ ಕೆಳಗಿನ ಪ್ಲಾಸ್ಟಿಕ್ ಪ್ಯಾನೆಲ್ ಮೇಲೆ ಉಜ್ಜಿದ ಗುರುತು. ಓಡೋಮೀಟರು 761. ಮಾರನೇ ದಿನ ಬೆಳಿಗ್ಗೆ ಬೇಸ್‌ಮೆಂಟಿನ ನೆಲದ ಮೇಲೆ ಅಂಗೈ ಅಗಲದ ಎಣ್ಣೆ. ಎಂಜಿನ್ ಆಯಿಲ್ ಇಳಿಸೋ ಡ್ರೈನ್ ಬೋಲ್ಟನ್ನ ಮಿತಿಮೀರಿ ಬಿಗಿದಿದ್ದರು. ಬೋಲ್ಟು ಉಕ್ಕಿನದು, ಅದು ಕೂರೋ ಎಂಜಿನ್ ಕೇಸು ಅಲ್ಯೂಮಿನಿಯಂ. ಉಕ್ಕಿಗೂ ಅಲ್ಯೂಮಿನಿಯಂಗೂ ಜಗಳ ಆದರೆ ಸೋಲೋದು ಅಲ್ಯೂಮಿನಿಯಮ್ಮೇ, ಥ್ರೆಡ್ ಸವೆದು ಹೋಗುತ್ತೆ.

"ಸರ್, ಗೀರು ಮುಂಚೆನೇ ಇತ್ತು," ಅಂದ ಸರ್ವೀಸ್ ಅಡ್ವೈಸರ್. ಫೋಟೋ ತೋರಿಸಿದೆ. "ಲೈಟಿಂಗಲ್ಲಿ ಕಾಣ್ತಿಲ್ಲ ಸರ್." ಬೋಲ್ಟಿಗೆ? "ಟೆಫ್ಲಾನ್ ಟೇಪ್ ಸುತ್ತಿ ಹಾಕಿಕೊಡ್ತೀವಿ, ಏನೂ ಆಗಲ್ಲ." ನಲ್ಲಿಗೆ ಸುತ್ತೋ ಬಿಳಿ ಟೇಪನ್ನ ಐದು ವಾರದ ಎಂಜಿನ್ನಿಗೆ ಸುತ್ತೋ ಮಾತು! ಆಮೇಲೆ ದನಿ ತಗ್ಗಿಸಿ ಹೇಳಿದ: "ಒಂದ್ ಕೆಲ್ಸ ಮಾಡೋಣ ಸರ್, ನಿಮ್ ಇನ್ಶೂರೆನ್ಸಲ್ಲೇ ಕ್ಲೇಮ್ ಹಾಕಿಬಿಡೋಣ."

ಧಾರವಾಡದಲ್ಲಿ ವಕೀಲಿಕೆ ಮಾಡೋ ನಮ್ಮ ಭಾವನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದದ್ದು: "ಗಾಡಿ, ಎಂಜಿನ್ನು ಅಂತ ಯಾಕ ತಲಿ ಕೆಡಿಸ್ಕೋತೀಯೋ? ಬಟ್ಟಿ ಒಗೀಲಿಕ್ಕೆ ಕೊಟ್ಟಿದ್ದಿ, ಹರದು ಬಂತು. ಅಷ್ಟ. ಅದಕ್ಕ ಏನ್ ಕಾನೂನು ಅದನೋ ಇದಕ್ಕೂ ಅದ ಅದ."

ತಮಾಷೆಗೆ ಅಂದದ್ದು ಅಂದುಕೊಂಡೆ. ಹುಡುಕುತ್ತಾ ಹೋದರೆ ಅಕ್ಷರಶಃ ನಿಜ.

ಮೊದಲ ನಿಲ್ದಾಣ ಮೈಸೂರು. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ತಾಳೆಗರಿ ಕಟ್ಟು ಬಂತು. ಶತಮಾನಗಳಿಂದ ಹೆಸರು ಮಾತ್ರ ಕೇಳಿ ಗೊತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಶಾಸ್ತ್ರಿಗಳು ಮೂಲವನ್ನ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಅರ್ಥಶಾಸ್ತ್ರ ಅಂದ ಕೂಡಲೇ ನಮಗೆ ನೆನಪಾಗೋದು ಗೂಢಚಾರರು, ವಿಷಕನ್ಯೆ, ವಾಟ್ಸಾಪಿನಲ್ಲಿ ಬರೋ ಚಾಣಕ್ಯ ನೀತಿ. ಅದರ ನಾಲ್ಕನೇ ಅಧಿಕರಣದ ಶುರುವಿನಲ್ಲೇ ಕುಶಲಕರ್ಮಿಗಳ ಬಗ್ಗೆ ಒಂದು ಅಧ್ಯಾಯ ಇದೆ. ನೇಕಾರರು, ಮಡಿವಾಳರು, ಅಕ್ಕಸಾಲಿಗರು, ವೈದ್ಯರು. ಅಂದರೆ ನಮ್ಮ ವಸ್ತುವನ್ನೋ ಮೈಯನ್ನೋ ಕೈಗೆ ತಗೊಂಡು ಕೆಲಸ ಮಾಡಿಕೊಡೋ ಎಲ್ಲರೂ. ಒಟ್ಟಾರೆ ನಿಯಮ: ಎಲ್ಲಿ, ಯಾವಾಗ, ಯಾವ ರೀತಿ ಕೆಲಸ ಅಂತ ಒಪ್ಪಿಕೊಂಡಿದ್ದಾರೋ ಹಾಗೇ ಮಾಡಬೇಕು. ತಡ ಮಾಡಿದರೆ ಕೂಲಿಯಲ್ಲಿ ಕಾಲು ಭಾಗ ಖೋತಾ, ಮೇಲೆ ದಂಡ. ಕಳೆದದ್ದು, ಕೆಟ್ಟದ್ದು ಕಟ್ಟಿಕೊಡಬೇಕು.

ಮಡಿವಾಳರ ವಿಷಯಕ್ಕೆ ಬಂದಾಗ ಕೌಟಿಲ್ಯ ಇನ್ನೂ ಸೂಕ್ಷ್ಮಕ್ಕೆ ಇಳೀತಾನೆ. ಬಟ್ಟೆಯನ್ನ ಮರದ ಹಲಗೆ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೇ ಒಗೀಬೇಕು. ಬೇರೆ ಕಡೆ ಒಗೆದರೆ ಆರು ಪಣ ದಂಡ, ಜೊತೆಗೆ ಬಟ್ಟೆಗೆ ಆದ ಹಾನಿಯ ಬೆಲೆ. ಮನುಸ್ಮೃತಿಯ ಎಂಟನೇ ಅಧ್ಯಾಯವೂ ಇದನ್ನೇ ಹೇಳುತ್ತೆ: ಬೂರುಗದ ಮರದ ನುಣುಪು ಹಲಗೆ ಮೇಲೆ, ಮೆಲ್ಲಗೆ. ಒಬ್ಬರ ಬಟ್ಟೆ ಇನ್ನೊಬ್ಬರದಕ್ಕೆ ಬೆರೆಸಬಾರದು, ಯಾರಿಗೂ ಉಡಲು ಕೊಡಬಾರದು. ಕಲ್ಲು ನುಣುಪಾಗಿರಬೇಕು ಅನ್ನೋ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಬಟ್ಟೆ ಹರಿದರೆ ಬೆಲೆ ಕೊಡು ಅಂದು ಸುಮ್ಮನಾಗಬಹುದಿತ್ತು. ಹಾಗನ್ನದೆ ಯಾವ ಸಾಧನದಿಂದ ಕೆಲಸ ಮಾಡಿದೆ ಅಂತ ಕೇಳೋ ಕಾನೂನು ಇದು.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಮಡಿವಾಳರು ತಾವು ಉಟ್ಟುಕೊಳ್ಳೋ ಬಟ್ಟೆ ಮೇಲೆ ಒಂದು ಗದೆಯ ಗುರುತು ಇರಬೇಕು. ಗುರುತಿಲ್ಲದ ಬಟ್ಟೆ ಉಟ್ಟು ಸಿಕ್ಕಿಬಿದ್ದರೆ ಮೂರು ಪಣ ದಂಡ. ಯಾಕೆ ಅಂತ ಊಹಿಸಬಹುದು. ಒಗೆಯಲು ಬಂದ ಸೇಠಜೀಯ ಧೋತ್ರ ಸಂಜೆ ಜಾತ್ರೆಗೆ ಹೋಗಿ ಬರುತ್ತೆ, ಬೆಳಿಗ್ಗೆ ಮತ್ತೆ ಒಗೆದು ಮಡಚಿ ಸೇಠಜೀ ಮನೆಗೆ! ಬಾಡಿಗೆಗೆ ಕೊಟ್ಟರೆ, ಮಾರಿದರೆ, ಅಡವಿಟ್ಟರೆ ಹನ್ನೆರಡು ಪಣ. ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಬಹುತೇಕ ಇದೇ ಪಟ್ಟಿ ಇದೆ. ಉಟ್ಟರೆ ಮೂರು, ಬಾಡಿಗೆ ಅಡವು ಇತ್ಯಾದಿಗೆ ಹತ್ತು.

742 ಮತ್ತು 761. ಟೆಸ್ಟ್ ರೈಡ್ ಅಂತ ಒಂದೆರಡು ಕಿಲೋಮೀಟರ್ ಓಡಿಸ್ತಾರೆ, ಸರಿ, ಓಡಿಸಲೇಬೇಕು. ಹತ್ತೊಂಬತ್ತು ಕಿಲೋಮೀಟರ್ ಅಂದರೆ ನನ್ನ ಧೋತ್ರ ಉಟ್ಟುಕೊಂಡು ಯಾರೋ ಊಟಕ್ಕೆ ಹೋಗಿಬಂದಿದ್ದಾರೆ ಅಂತಲೇ ಅರ್ಥ.

ಯಾಜ್ಞವಲ್ಕ್ಯ ಸ್ಮೃತಿಗೆ ಹೆಸರಾಂತ ವ್ಯಾಖ್ಯಾನ ಬರೆದಿದ್ದು ನಮ್ಮ ಕಲ್ಯಾಣದಲ್ಲಿ, ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಬರೆದ ಮಿತಾಕ್ಷರ. ಆಸ್ತಿ ಪಾಲಿನ ಕೋರ್ಟು ಕೇಸುಗಳಲ್ಲಿ ಇದರ ಹೆಸರು ಕೇಳಿರ್ತೀರಿ. ಅದೇ ಪುಸ್ತಕದಲ್ಲಿ ಮಡಿವಾಳನ ಲೆಕ್ಕವೂ ಇದೆ. ಅಜಾಗರೂಕತೆಯಿಂದ ಬಟ್ಟೆ ಹಾಳಾದರೆ ಎಷ್ಟು ಕಟ್ಟಿಕೊಡಬೇಕು? ವಿಜ್ಞಾನೇಶ್ವರ ಇಲ್ಲಿ ನಾರದಸ್ಮೃತಿಯ ನಿಯಮ ತಂದು ಲೆಕ್ಕ ಬಿಡಿಸಿ ತೋರಿಸ್ತಾನೆ. ಒಮ್ಮೆ ಒಗೆದ ಬಟ್ಟೆಯ ಬೆಲೆ ಎಂಟನೇ ಒಂದು ಭಾಗ ಇಳಿಯುತ್ತೆ, ಎರಡು ಸಲಕ್ಕೆ ಕಾಲು, ಮೂರು ಸಲಕ್ಕೆ ಮೂರನೇ ಒಂದು, ನಾಲ್ಕು ಸಲಕ್ಕೆ ಅರ್ಧ. ಎಂಟು ಪಣಕ್ಕೆ ಕೊಂಡ, ಒಮ್ಮೆ ಮಾತ್ರ ಒಗೆದ ಬಟ್ಟೆ ಹಾಳಾದರೆ ಏಳು ಪಣ ಕೊಡಬೇಕು.

ಇದನ್ನ ಓದಿದಾಗ ನಗು ಬಂತು. ನಮ್ಮ ವಾಹನ ವಿಮೆಯ ಡಿಪ್ರಿಸಿಯೇಷನ್ ಪಟ್ಟಿಯೂ ಹೀಗೇ ಇದೆಯಲ್ಲ! ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಸೊನ್ನೆ, ಒಂದು ವರ್ಷದೊಳಗೆ 5 ಪರ್ಸೆಂಟ್, ಎರಡು ವರ್ಷದೊಳಗೆ 10, ಹೀಗೆ ಮೇಲಕ್ಕೆ. ಆದರೆ ಪ್ಲಾಸ್ಟಿಕ್ಕು, ರಬ್ಬರು ಎಷ್ಟೇ ಹೊಸದಿರಲಿ, ನೇರ 50. ವಿಜ್ಞಾನೇಶ್ವರನ ಮಡಿವಾಳ ನಾಲ್ಕು ಸಲ ಒಗೆದ ಮೇಲೆ ಮುಟ್ಟೋ ಅರ್ಧವನ್ನ ನಮ್ಮ ಪಾಲಿಸಿ ಒಂದೂ ಸಲ ಒಗೆಯದೆ ಮುಟ್ಟಿಬಿಡುತ್ತೆ. ಝೀರೋ ಡೆಪ್ ಅಂತ ಹೆಚ್ಚು ದುಡ್ಡು ಕೊಟ್ಟು ತಗೊಂಡಿದ್ದರೆ ಮಾತು ಬೇರೆ. "ನಿಮ್ ಇನ್ಶೂರೆನ್ಸಲ್ಲೇ" ಅನ್ನೋ ಪಿಸುಮಾತಿನ ಒಳಗಿರೋದು ಇದೇ. ಅವರು ಮಾಡಿದ ಹಾನಿಗೆ ನನ್ನ ಪಾಲಿಸಿ, ಪ್ಯಾನೆಲ್ಲಿನ ಅರ್ಧ ದುಡ್ಡು ನನ್ನ ಜೇಬಿಂದ, ಮುಂದಿನ ವರ್ಷ ಸಿಗಬೇಕಿದ್ದ 20 ಪರ್ಸೆಂಟ್ ನೋ ಕ್ಲೇಮ್ ಬೋನಸ್ಸೂ ಹೋಯ್ತು. ಸಾಲದ್ದಕ್ಕೆ ಕ್ಲೇಮ್ ಫಾರಂನಲ್ಲಿ ಗಾಡಿ ಹೇಗೆ ಬಿತ್ತು ಅಂತ ಸುಳ್ಳೊಂದನ್ನ ನಾನೇ ಸಹಿ ಹಾಕಿ ಬರೆದುಕೊಡಬೇಕು. ಬೇಡ ಅಂದೆ.

ಇಲ್ಲಿಂದ ಕಥೆ ರೋಮಿಗೆ ಹೋಗುತ್ತೆ, ಅಲ್ಲೂ ಬಟ್ಟೆ ಒಗೆಯುವವನೇ ಎದುರಾಗ್ತಾನೆ. ಒಗೆಯಲು ಕೊಟ್ಟ ಬಟ್ಟೆಯನ್ನ ಇಲಿ ಕಡಿದರೆ? ಜವಾಬ್ದಾರಿ ಅಗಸನದೇ, ಯಾಕಂದರೆ ಇಲಿ ಬರುತ್ತೆ ಅಂತ ಅವನು ಎಚ್ಚರ ವಹಿಸಬೇಕಿತ್ತು, ಅಂತ ಮೂರನೇ ಶತಮಾನದ ಉಲ್ಪಿಯನ್ ಬರೆದ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ಡೈಜೆಸ್ಟ್ ಎಂಬ ಸಂಗ್ರಹದಲ್ಲಿ ಆ ಮಾತು ಉಳಿದುಕೊಂಡಿದೆ. ಆ ರೋಮನ್ ಚಿಂತನೆ ಹನ್ನೆರಡು ಶತಮಾನ ದಾಟಿ 1703ರ ಲಂಡನ್ನಿನಲ್ಲಿ ಮತ್ತೆ ಎದ್ದು ನಿಂತದ್ದು ಬ್ರಾಂದಿ ದೆಸೆಯಿಂದ. ಬರ್ನಾರ್ಡ್ ಅನ್ನೋನು ಕಾಗ್ಸ್ ಅನ್ನೋನ ಬ್ರಾಂದಿ ಪೀಪಾಯಿಗಳನ್ನ ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಸಾಗಿಸಿಕೊಡ್ತೀನಿ ಅಂತ ಒಪ್ಪಿಕೊಂಡ. ಸಾಗಿಸುವಾಗ ಪೀಪಾಯಿ ಒಡೆದು ಬ್ರಾಂದಿ ಹರಿದುಹೋಯ್ತು. ಕೂಲಿ ತಗೊಂಡಿರಲಿಲ್ಲವಲ್ಲ, ನನ್ನದೇನು ಹೊಣೆ ಅಂತ ಬರ್ನಾರ್ಡನ ವಾದ. ಮುಖ್ಯ ನ್ಯಾಯಮೂರ್ತಿ ಜಾನ್ ಹೋಲ್ಟ್ ಒಪ್ಪಲಿಲ್ಲ. ಇನ್ನೊಬ್ಬರ ವಸ್ತುವನ್ನ ಕೈಗೆ ತಗೊಂಡೆ, ಅಜಾಗರೂಕನಾಗಿದ್ದೆ, ಅಷ್ಟು ಸಾಕು. ವಸ್ತು ಒಬ್ಬರದು, ಸುಪರ್ದಿ ಒಬ್ಬರದು ಅನ್ನೋ ಈ ಸಂಬಂಧಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಬೇಲ್‌ಮೆಂಟ್ ಅಂತಾರೆ. ಅದರಲ್ಲಿ ಆರು ಬಗೆ ಅಂತ ಹೋಲ್ಟ್ ವಿಂಗಡಿಸಿದ್ದು ಇದೇ ತೀರ್ಪಿನಲ್ಲಿ.

ಬೇಲ್‌ಮೆಂಟ್ ಬಗ್ಗೆ ಮೊದಲ ಗಂಭೀರ ಪುಸ್ತಕ ಬರೆದವರು ವಿಲಿಯಂ ಜೋನ್ಸ್, 1781ರಲ್ಲಿ. ಹೆಸರು ಎಲ್ಲೋ ಕೇಳಿದಂಗಿದೆಯಾ? ಅವರೇ. ಎರಡು ವರ್ಷ ಕಳೆದು ಕಲ್ಕತ್ತಾಕ್ಕೆ ಜಡ್ಜ್ ಆಗಿ ಬಂದು ಏಷ್ಯಾಟಿಕ್ ಸೊಸೈಟಿ ಕಟ್ಟಿದವರು, ಶಾಕುಂತಲವನ್ನ ಇಂಗ್ಲಿಷಿಗೆ ತಂದವರು, ಮನುಸ್ಮೃತಿಯನ್ನೂ ಅನುವಾದ ಮಾಡಿದವರು. ಮನುವಿನ ಅನುವಾದ ಅಚ್ಚಾದ 1794ರಲ್ಲೇ ತೀರಿಕೊಂಡರು. ಲಂಡನ್ನಿನ ಪೀಪಾಯಿಯೂ ಬೂರುಗದ ಹಲಗೆಯೂ ಒಂದೇ ಮನುಷ್ಯನ ಮೇಜಿನ ಮೇಲೆ ಹಾದುಹೋಗಿವೆ. ಹಲಗೆಯ ಶ್ಲೋಕಕ್ಕೆ ಬಂದಾಗ ಅವರಿಗೆ ತಮ್ಮ ಹಳೇ ಪುಸ್ತಕ ನೆನಪಾಗಿರಬೇಕು ಅಂತ ನನ್ನ ಗುಮಾನಿ.

ಆಮೇಲೆ ಬಂದದ್ದು 1872ರ ಭಾರತೀಯ ಕರಾರು ಕಾಯ್ದೆ. ಇವತ್ತಿಗೂ ಚಾಲ್ತಿಯಲ್ಲಿದೆ. ಅದರ ಒಂಬತ್ತನೇ ಅಧ್ಯಾಯ ಪೂರ್ತಿ ಬೇಲ್‌ಮೆಂಟ್. ಸೆಕ್ಷನ್ 151ರ ಸಾರ: ಇನ್ನೊಬ್ಬರ ವಸ್ತು ನಿನ್ನ ಸುಪರ್ದಿಗೆ ಬಂದರೆ, ಸಾಧಾರಣ ವಿವೇಕವಿರೋ ಮನುಷ್ಯ ಅಂಥದ್ದೇ ತನ್ನ ಸ್ವಂತ ವಸ್ತುವನ್ನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡು. ಈ ಕಾಯ್ದೆಯಲ್ಲಿ ಸೆಕ್ಷನ್ನುಗಳ ಕೆಳಗೆ ಪುಟ್ಟ ಪುಟ್ಟ ಉದಾಹರಣೆಗಳಿವೆ, ಓದೋಕೆ ಸೊಗಸು. ಸೆಕ್ಷನ್ 154ರ ಕೆಳಗೆ ಕುದುರೆಗಳು. ನಿನಗೆ ಮಾತ್ರ ಸವಾರಿ ಮಾಡಲು ಅಂತ ಕೊಟ್ಟ ಕುದುರೆಯನ್ನ ನಿನ್ನ ಮನೆಯವನೊಬ್ಬ ಹತ್ತಿದ. ಜೋಪಾನವಾಗೇ ಓಡಿಸಿದ, ಆದರೂ ಆಕಸ್ಮಿಕವಾಗಿ ಕುದುರೆ ಬಿತ್ತು. ನಷ್ಟ ನಿನ್ನದೇ. ಕಲ್ಕತ್ತಾದಿಂದ ಕಾಶಿಗೆ ಅಂತ ಬಾಡಿಗೆಗೆ ಪಡೆದ ಕುದುರೆಯನ್ನ ಕಟಕ್‌ಗೆ ಓಡಿಸಿದೆ, ಕುದುರೆ ಬಿತ್ತು. ಅದೂ ನಿನ್ನದೇ. ಒಪ್ಪಂದ ಮೀರಿ ಬಳಸಿದ ಮೇಲೆ ಹುಷಾರಾಗಿದ್ದೆ ಅನ್ನೋ ಮಾತು ನಡೆಯಲ್ಲ. ನನ್ನ ಹತ್ತೊಂಬತ್ತು ಕಿಲೋಮೀಟರಿಗೆ ಇದಕ್ಕಿಂತ ಹತ್ತಿರದ ಸೆಕ್ಷನ್ ಬೇಕಿರಲಿಲ್ಲ.

ಇಷ್ಟೆಲ್ಲ ಇದ್ದರೂ ನಾವು ಸೋಲೋದು ಎಲ್ಲಿ? ಸಾಕ್ಷಿಯಲ್ಲಿ. "ಮುಂಚೆನೇ ಇತ್ತು" ಅನ್ನೋ ಎರಡು ಪದದಲ್ಲಿ.

ನಮ್ಮ ಅಪ್ಪನ ಹತ್ತಿರ ಯೆಜ್ಡಿ ಇತ್ತು. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಗಾಡಿಗಳಲ್ಲಿ ಒಂದು. ಟೂ ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು, ಪ್ಲಗ್ಗು ಮಸಿ ಹಿಡೀತಾ ಇರುತ್ತೆ. ಮೆಕ್ಯಾನಿಕ್ ಅಂಗಡಿ ಅಂದರೆ ಒಂದು ಶೀಟಿನ ಕೆಳಗೆ ಬೆಂಚು, ಒಂದು ಸೀಮೆಎಣ್ಣೆ ತಟ್ಟೆ. ಅಪ್ಪ ಆ ಬೆಂಚಿನ ಮೇಲೆ ಕೂತು ಚಹಾ ಕುಡೀತಾ ಪೂರ್ತಿ ಕೆಲಸ ನೋಡ್ತಿದ್ದರು, ನಾನು ಪ್ಲಗ್ಗು ಹಿಡ್ಕೊಂಡು ನಿಂತಿರ್ತಿದ್ದೆ. ಗೀರು ಬಿದ್ದರೆ ಎಲ್ಲರ ಕಣ್ಣೆದುರೇ ಬೀಳ್ತಿತ್ತು. ಅದೇನು ಸತ್ಯಯುಗ ಅಂತ ನಾನು ಹೇಳ್ತಿಲ್ಲ. ಒಳ್ಳೇ ಪಾರ್ಟು ತೆಗೆದು ಹಳೇದು ಹಾಕೋ ಮೇಸ್ತ್ರಿಗಳೂ ಇದ್ದರು. ಆದರೆ ನೋಡೋಕೆ ಆಗ್ತಿತ್ತು.

ಈಗ ನಾವಿರೋದು ಗಾಜಿನ ಈಚೆ, ಸೋಫಾ, ಕಾಫಿ ಮೆಷೀನು, ವೈಫೈ. ಆಚೆ ಕಡೆ ಬಾಗಿಲ ಮೇಲೆ ಗ್ರಾಹಕರಿಗೆ ಪ್ರವೇಶವಿಲ್ಲ. ಏನಾಯ್ತು ಅಂತ ಗೊತ್ತಿರೋದು ಅವರಿಗೆ ಮಾತ್ರ, ಸಾಬೀತು ಮಾಡು ಅಂತ ಕೇಳೋದು ನಮ್ಮನ್ನ.

ಕಾನೂನು ಈ ಅನ್ಯಾಯವನ್ನ ಕಂಡಿತ್ತು. ಕರಾರು ಕಾಯ್ದೆ ಬಂದ 1872ರಲ್ಲೇ ಬಂದ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 106: ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರೋ ಸಂಗತಿಯನ್ನ ರುಜುವಾತು ಮಾಡೋ ಹೊಣೆ ಅವನದೇ. ಅಲ್ಲಿನ ಉದಾಹರಣೆ ರೈಲಿನದು. ಟಿಕೆಟ್ ಇತ್ತು ಅಂತ ತೋರಿಸಬೇಕಾದ್ದು ಪ್ರಯಾಣಿಕ, ಇರಲಿಲ್ಲ ಅಂತ ತೋರಿಸಬೇಕಾದ್ದು ರೈಲ್ವೆ ಅಲ್ಲ. 2024ರ ಜುಲೈನಿಂದ ಜಾರಿಗೆ ಬಂದಿರೋ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಈ ನಿಯಮ ಉಳಿದಿದೆ, ನಂಬರ್ ಬೇರೆ ಅಷ್ಟೇ.

ಬೇಲ್‌ಮೆಂಟಿನಲ್ಲಿ ಇದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ 2019ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪೊಂದನ್ನ ಓದಬೇಕು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಒಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಯನ್ನ ವ್ಯಾಲೆಗೆ ಕೊಟ್ಟು ಒಳಗೆ ಹೋದರು. ಕಾರು ಕಳುವಾಯ್ತು. ವಾಹನ ಮಾಲೀಕರ ಸ್ವಂತ ಜವಾಬ್ದಾರಿ ಅಂತ ಚೀಟಿ ಮೇಲೆ ಅಚ್ಚು ಹಾಕಿದ್ದೀವಲ್ಲ ಅಂತ ಹೋಟೆಲಿನವರು. ಇಪ್ಪತ್ತೊಂದು ವರ್ಷದ ಮೇಲೆ ಬಂದ ತೀರ್ಪನ್ನ ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್. ಕೀ ಕೊಟ್ಟು ವಾಹನ ಒಪ್ಪಿಸಿದ ಮೇಲೆ ಅದು ಬೇಲ್‌ಮೆಂಟ್. ವಾಹನವನ್ನ ಒಪ್ಪಿಸಿದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆಗದಿದ್ದರೆ ತನ್ನ ಕಡೆಯಿಂದ ಅಜಾಗರೂಕತೆ ಆಗಿಲ್ಲ ಅಂತ ಮೊದಲು ವಿವರಿಸಬೇಕಾದ್ದು ಹೋಟೆಲು. ಸ್ವಂತ ಅಜಾಗರೂಕತೆಗೆ ಆ ಚೀಟಿ ಕೊಡೆಯಾಗಲ್ಲ. ಈಗ ನಿಮ್ಮ ಜಾಬ್ ಕಾರ್ಡ್ ತಿರುಗಿಸಿ ಹಿಂದುಗಡೆ ಸಣ್ಣ ಅಕ್ಷರ ಓದಿ. ಅಲ್ಲೂ ಬಹುಶಃ ಇದೇ ಸಾಲು ಇರುತ್ತೆ.

ಮುಂಗಡೆ ಇರೋದು ಇನ್ನೂ ಮುಖ್ಯ. ಟ್ಯಾಂಕು, ಇಂಡಿಕೇಟರು, ಕನ್ನಡಿ, ಗೀರು ಎಲ್ಲಿದೆ ಅಂತ ಗುರುತು ಹಾಕೋ ಗಾಡಿಯ ಚಿತ್ರ. ಸಹಿ ಹಾಕೋ ಮೊದಲು ಆ ಚಿತ್ರ ಖಾಲಿ ಇದೆಯಾ ನೋಡಬೇಕು. ಖಾಲಿ ಇದ್ದರೆ, ಬಂದಾಗ ಗೀರು ಇರಲಿಲ್ಲ ಅಂತ ಅವರೇ ಬರೆದುಕೊಟ್ಟ ಹಾಗೆ. ನನ್ನ ಕಾರ್ಡಿನಲ್ಲಿ ಅದು ಖಾಲಿ ಇತ್ತು. ಅಡ್ವೈಸರ್ ತನ್ನ ಕೈಯಾರೆ ಬಿಟ್ಟ ಖಾಲಿ ಅದು.

ಕಾರ್ಡಿನ ಪ್ರತಿ, ಫೋಟೋ, ಎರಡು ಓಡೋಮೀಟರ್ ಅಂಕಿ, 151, 154. ಇಷ್ಟನ್ನ ಒಂದು ಪುಟದ ಪತ್ರ ಮಾಡಿ ಡೀಲರಿಗೆ ಕಳಿಸಿದೆ, ಪ್ರತಿ ತಯಾರಕ ಕಂಪನಿಗೆ. ಬೈಗುಳ ಇಲ್ಲ, ಆಶ್ಚರ್ಯಸೂಚಕ ಚಿಹ್ನೆ ಇಲ್ಲ. ಮೂರನೇ ದಿನ ಮ್ಯಾನೇಜರೇ ಫೋನ್ ಮಾಡಿದರು, ಬನ್ನಿ ಮಾತಾಡೋಣ ಅಂತ.

ಹೋದರೆ ಟೇಬಲ್ ಪಕ್ಕದಲ್ಲಿ ಒಬ್ಬ ಹುಡುಗನನ್ನ ನಿಲ್ಲಿಸಿದ್ದರು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಐಟಿಐ ಮುಗಿಸಿ ಸೇರಿದವನು. "ಇವನೇ ಸರ್ ನಿಮ್ ಗಾಡಿ ಮಾಡಿದ್ದು. ಇವನ ಸಂಬಳದಲ್ಲಿ ಹಿಡೀತೀವಿ. ನಿಮಗೆ ಸಮಾಧಾನ ಆಯ್ತಲ್ಲ?"

ಆಗಲಿಲ್ಲ. ಮ್ಯಾನೇಜರ್ ಎದ್ದು ಹೋದಾಗ ಹುಡುಗನನ್ನ ಕೇಳಿದೆ, ಬೋಲ್ಟ್ ಬಿಗಿಯೋಕೆ ಟಾರ್ಕ್ ರೆಂಚ್ ಇಲ್ವಾ? ಇಷ್ಟೇ ಬಲ, ಇದಕ್ಕಿಂತ ಹೆಚ್ಚಿಲ್ಲ ಅಂತ ಅಳೆದು ಬಿಗಿಯೋ ಸಾಧನ ಅದು. "ಒಂದೇ ಇರೋದು ಅಣ್ಣ. ಸೂಪರ್‌ವೈಸರ್ ಬೀರುವಲ್ಲಿ ಇಟ್ಟಿರ್ತಾರೆ. ಹತ್ತು ಗಾಡಿ ಮುಗಿಸಬೇಕು ಸಂಜೆಗೆ. ನಾವು ಕೈ ಅಂದಾಜಲ್ಲೇ ಮಾಡೋದು." ಹತ್ತೊಂಬತ್ತು ಕಿಲೋಮೀಟರ್ ಬಗ್ಗೆ ಕೇಳಿದೆ. ಅವನಿಗೆ ಗಾಡಿ ಓಡಿಸೋಕೆ ಬಿಡೋದೇ ಇಲ್ಲವಂತೆ.

ನುಣುಪು ಕಲ್ಲು ಅಂದೆನಲ್ಲ, ಅದು ಇದು. ಕೌಟಿಲ್ಯನ ಕಾಲದ ಮಡಿವಾಳನಿಗೆ ಕಲ್ಲೂ ಅವನದೇ, ಕೈಯೂ ಅವನದೇ, ಆದ್ದರಿಂದ ದಂಡವೂ ಅವನ ತಲೆ ಮೇಲೆ. ಆ ಸೂತ್ರಗಳನ್ನ ಬರೆದವರು ಬಟ್ಟೆ ಉಡೋರು, ಒಗೆಯೋರಲ್ಲ ಅನ್ನೋದನ್ನೂ ಮರೆಯಬಾರದು. ಆರು ಪಣ ಮಡಿವಾಳನಿಗೆ ಎಷ್ಟು ದೊಡ್ಡದು ಅಂತ ಅಲ್ಲಿ ಯಾರೂ ಕೇಳಿಲ್ಲ. ಇವತ್ತು ಕಲ್ಲು ಡೀಲರಿನದು, ಬೀರುವಿನ ಕೀ ಸೂಪರ್‌ವೈಸರಿನದು, ಸಂಜೆಯೊಳಗೆ ಹತ್ತು ಗಾಡಿ ಅನ್ನೋ ಟಾರ್ಗೆಟ್ ಮ್ಯಾನೇಜರಿನದು. ಕೈ ಮಾತ್ರ ಆ ಹುಡುಗನದು. ಕೈಗೆ ದಂಡ ಹಾಕಿ ಕಲ್ಲನ್ನ ಬಿಟ್ಟುಬಿಡೋದು ಎರಡು ಸಾವಿರ ವರ್ಷ ಹಿಂದಕ್ಕೆ ಹೋದ ಹಾಗೆ.

ಇಲ್ಲೂ ಹೋಲ್ಟ್ ನೆರವಿಗೆ ಬರ್ತಾರೆ. ರೇಷ್ಮೆ ವ್ಯಾಪಾರಿಯೊಬ್ಬನ ಏಜೆಂಟ್ ವಿದೇಶದಲ್ಲಿ ಒಂದು ಬಗೆಯ ರೇಷ್ಮೆಯನ್ನ ಇನ್ನೊಂದು ಅಂತ ಹೇಳಿ ಮಾರಿದ ಪ್ರಕರಣ ಅವರ ಮುಂದೆ ಬಂತು. ವ್ಯಾಪಾರಿಗೆ ಮೋಸದ ಸುಳಿವೇ ಇರಲಿಲ್ಲ. ಆದರೂ ಹೊಣೆ ಅವನದೇ ಅಂದರು ಹೋಲ್ಟ್. ಯಾರಾದರೊಬ್ಬರು ನಷ್ಟ ಹೊರಲೇಬೇಕು ಅಂತಾದರೆ, ನಂಬಿ ಕೆಲಸಕ್ಕೆ ಇಟ್ಟುಕೊಂಡವನು ಹೊರಲಿ, ಹೊರಗಿನವನು ಯಾಕೆ ಹೊರಬೇಕು ಅನ್ನೋದು ಅವರ ತರ್ಕ. ನೌಕರನ ತಪ್ಪಿಗೆ ಯಜಮಾನ ಹೊಣೆ ಅನ್ನೋ ತತ್ವ ಗಟ್ಟಿಯಾದ ದಾರಿಯಲ್ಲಿ ಇದೊಂದು ಮೈಲಿಗಲ್ಲು. ಇನ್ನು ಸಂಬಳ ಹಿಡಿಯೋ ವಿಷಯ. 1936ರ ವೇತನ ಪಾವತಿ ಕಾಯ್ದೆಯೇ ಹಾಗೆಲ್ಲ ಹಿಡಿಯೋ ಹಾಗಿಲ್ಲ ಅಂದಿತ್ತು. ನಷ್ಟ ನೇರವಾಗಿ ಆ ಕೆಲಸಗಾರನ ನಿರ್ಲಕ್ಷ್ಯದಿಂದ ಆಗಿರಬೇಕು, ಅವನ ಸಮಜಾಯಿಷಿ ಮೊದಲು ಕೇಳಬೇಕು.

ಮ್ಯಾನೇಜರ್ ವಾಪಸ್ ಬಂದಾಗ ಪತ್ರದ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿ ಕೊಟ್ಟೆ. ಪರಿಹಾರ ಕೇಳ್ತಿರೋದು ಸಂಸ್ಥೆಯಿಂದ, ಯಾವ ನೌಕರನಿಂದಲೂ ಅಲ್ಲ. ಅವರು ಓದಿ, ನನ್ನ ಮುಖ ನೋಡಿ, "ಅದು ನಮ್ಮ ಇಂಟರ್ನಲ್ ವಿಷಯ ಸರ್" ಅಂದರು. ಹುಡುಗನ ಸಂಬಳ ಹಿಡಿದರೋ ಬಿಟ್ಟರೋ, ಆ ಗಾಜಿನ ಈಚೆಯಿಂದ ತಿಳಿಯುವಂಥದ್ದಲ್ಲ.

ಎಂಜಿನ್ ಕೇಸಿನ ಹಾಳಾದ ಭಾಗವನ್ನೂ ಪ್ಯಾನೆಲ್ಲನ್ನೂ ಹೊಸದು ಹಾಕಿದರು. ಟ್ಯಾಂಕಿಗೆ ಮಾತ್ರ ಹೊರಗಡೆ ಬಣ್ಣ ಹೊಡೆಸಿ ತಂದರು. ಶೋರೂಮಿನ ಟ್ಯೂಬ್‌ಲೈಟಿನಲ್ಲಿ ಚೆನ್ನಾಗೇ ಕಾಣ್ತಿತ್ತು, ಬಿಸಿಲಿಗೆ ತಂದರೆ ಎಡಗಡೆ ಒಂದು ನೀಲಿ, ಬಲಗಡೆ ಇನ್ನೊಂದು ನೀಲಿ. "ಅದೇ ಕಲರ್ ಕೋಡ್ ಸರ್." ಮತ್ತೆ ಪತ್ರ, ಮತ್ತೆ ಎರಡು ಭೇಟಿ. ಸುಮಾರು ಏಳು ವಾ​ರಕ್ಕೆ ಹೊಸ ಟ್ಯಾಂಕು ಬಂತು. ಕೋರ್ಟಿಗೆ ಹೋಗಬೇಕಾಗಿ ಬರಲಿಲ್ಲ.

ಹೋಗಬೇಕಾಗಿದ್ದರೆ ದಾರಿ ಈಗ ಮೊದಲಿನಷ್ಟು ದುರ್ಗಮ ಅಲ್ಲ. 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಅಂಕಿತ ಬೀಳೋವರೆಗೆ ಇಂಥ ಜಗಳಕ್ಕೆ ಸಿವಿಲ್ ಕೋರ್ಟೇ ಗತಿ. ಒಂದು ಟ್ಯಾಂಕಿಗೋಸ್ಕರ ವರ್ಷಗಟ್ಟಲೆ ಅಲೆಯೋರು ಯಾರು? 2019ರ ಹೊಸ ಕಾಯ್ದೆಯಲ್ಲಿ ಇನ್ನೂ ಸಲೀಸು. ಡೀಲರ್ ಎಲ್ಲೇ ಇರಲಿ, ನಾವು ವಾಸ ಮಾಡೋ ಅಥವಾ ಕೆಲಸ ಮಾಡೋ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ಆನ್‌ಲೈನಿನಲ್ಲೇ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಅವಧಿ ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಶಾಮಶಾಸ್ತ್ರಿಗಳ ಅನುವಾದ ಬಂದ ವರ್ಷವೂ 1915. ಕಾಕತಾಳೀಯ, ಆದರೆ ನಂಬರ್ ನೆನಪಿಟ್ಟುಕೊಳ್ಳೋಕೆ ಅನುಕೂಲ.

ಬಣ್ಣದ ಜಗಳವೂ ಹೊಸದಲ್ಲ. ಕೌಟಿಲ್ಯ ಮಡಿವಾಳರ ಭಾಗ ಮುಗಿಸೋ ಮುಂಚೆ ಬಣ್ಣ ಹಾಕೋದರ ಬಗ್ಗೂ ಹೇಳ್ತಾನೆ. ತೆಳು ಬಣ್ಣಕ್ಕೆ ಐದು ರಾತ್ರಿ, ನೀಲಿಗೆ ಆರು, ಹೆಚ್ಚು ಕುಸುರಿ ಬೇಡೋ ಬಣ್ಣಕ್ಕೆ ಏಳು, ಅದಕ್ಕಿಂತ ತಡ ಮಾಡಿದರೆ ಕೂಲಿ ಹೋಯ್ತು. ಬಣ್ಣ ಸರಿಯಾಯ್ತೋ ಇಲ್ಲವೋ ಅಂತ ತಕರಾರು ಬಂದರೆ, ನಂಬಿಕಸ್ಥರಾದ ಬಲ್ಲವರು ನೋಡಿ ತೀರ್ಮಾನಿಸಬೇಕು. ನಮ್ಮ ಜಿಲ್ಲಾ ಆಯೋಗಕ್ಕೂ ಆ ದಾರಿ ಇದೆ. ಪರೀಕ್ಷೆ ಮಾಡದೆ ವಸ್ತುವಿನ ದೋಷ ಹೇಳೋಕಾಗಲ್ಲ ಅನ್ನಿಸಿದರೆ ಅದನ್ನ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಫೀಸು ಮಾತ್ರ ಮೊದಲು ದೂರುದಾರರೇ ಕಟ್ಟಬೇಕಾಗಬಹುದು.